ಮಗುವಿನ ಕೈಗೆಟುಕುವಲ್ಲಿ ಏನಿದೆ? ಶಾಲಾ ಕ್ಯಾಂಟೀನು ಮತ್ತು ಮಕ್ಕಳ ಆರೋಗ್ಯ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟನೆಯ ತರಗತಿಯವರೆಗೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ಪ್ರೌಢಶಾಲೆಯ ವರ್ಷಗಳನ್ನೂ ಸೇರಿಸಿದರೆ, ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಒಂದು ಮಗು ಎರಡು ಸಾವಿರಕ್ಕೂ ಹೆಚ್ಚು ದಿನಗಳನ್ನು ಶಾಲೆಯಲ್ಲಿ ಕಳೆದಿರುತ್ತದೆ. ಅಂದರೆ ಎರಡು ಸಾವಿರಕ್ಕೂ ಹೆಚ್ಚು ಮಧ್ಯಾಹ್ನಗಳ ಹಸಿವನ್ನು ಆ ಮಗು ಮನೆಯಿಂದ ಹೊರಗೆ, ತಾಯಿಯ ಕಣ್ಣಿಗೆ ಬೀಳದ ಜಾಗದಲ್ಲಿ ತಣಿಸಿಕೊಂಡಿರುತ್ತದೆ. ಎಲುಬು ಬಲಿಯುವ, ರಕ್ತ ಹೆಚ್ಚುವ, ನಾಲಿಗೆಗೆ ಜೀವನಪೂರ್ತಿಯ ರುಚಿ ಅಂಟಿಕೊಳ್ಳುವ ವಯಸ್ಸೂ ಇದೇ ಆಗಿದೆ.

ಮಕ್ಕಳ ಅಂಕಪಟ್ಟಿಯನ್ನು ಪಾಲಕರು ತಪ್ಪದೆ ನೋಡುತ್ತಾರೆ. ಶಾಲೆಯ ಕಟ್ಟಡ, ಪ್ರಯೋಗಾಲಯ, ವಾಹನ ವ್ಯವಸ್ಥೆಗಳನ್ನು ವಿಚಾರಿಸುತ್ತಾರೆ. ಆದರೆ ಶಾಲೆಯ ಕ್ಯಾಂಟೀನಿನ ಮುಂದೆ ಐದು ನಿಮಿಷ ನಿಂತು, ಅಲ್ಲಿ ಮಕ್ಕಳು ಏನನ್ನು ಕೊಂಡು ತಿನ್ನುತ್ತಿದ್ದಾರೆಂದು ನೋಡಿದ ಪಾಲಕರು ಬಹಳ ವಿರಳ. ಈ ಲೇಖನದ ಉದ್ದೇಶ ಆ ಐದು ನಿಮಿಷಗಳಿಗೆ ಸದ್ಭಕ್ತರನ್ನು ಸಿದ್ಧಗೊಳಿಸುವುದು.

ಲೆಕ್ಕವಿರುವ ಊಟ, ಲೆಕ್ಕವಿಲ್ಲದ ತಿಂಡಿ

ನಮ್ಮ ನಾಡಿನ ಶಾಲೆಗಳಲ್ಲಿ ಇಂದು ಎರಡು ಬಗೆಯ ಆಹಾರ ವ್ಯವಸ್ಥೆಗಳಿವೆ. ಒಂದು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಧ್ಯಾಹ್ನದ ಬಿಸಿಯೂಟ. ಇನ್ನೊಂದು, ಹೆಚ್ಚಾಗಿ ಖಾಸಗಿ ಶಾಲೆಗಳಲ್ಲಿ ಕಾಣುವ, ಹಣ ಕೊಟ್ಟು ಕೊಳ್ಳುವ ಕ್ಯಾಂಟೀನು.

ಬೇಯಿಸಿದ ಬಿಸಿಯೂಟವನ್ನು ಶಾಲಾ ಮಕ್ಕಳಿಗೆ ಕೊಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್ ತಿಂಗಳಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಈ ಯೋಜನೆ ಆರಂಭವಾಗಿ, ಮುಂದೆ ರಾಜ್ಯದ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟದ್ದು ಅರ್ಥಪೂರ್ಣವಾಗಿದೆ. ಅಕ್ಷರ ಕಲಿಯಲು ಬಂದ ಮಗುವಿಗೆ ಅನ್ನವಿಡುವುದು ಈ ನಾಡಿನ ಮಠಗಳು ಮೊದಲಿನಿಂದ ನಡೆಸಿಕೊಂಡು ಬಂದ ಕಾರ್ಯ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳವರು ದಶಕಗಳ ಕಾಲ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒಟ್ಟಿಗೆ ನೀಡಿದುದನ್ನು ನಾಡು ಕಂಡಿದೆ. ಸರ್ಕಾರದ ಯೋಜನೆಯು ಆ ಪರಂಪರೆಯ ಮಾತನ್ನೇ ಎರವಲು ಪಡೆಯಿತು.

ಬಿಸಿಯೂಟಕ್ಕೆ ಒಂದು ಲೆಕ್ಕವಿದೆ. ಒಂದರಿಂದ ಐದನೆಯ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನ್ ದೊರೆಯಬೇಕು. ಆರರಿಂದ ಎಂಟನೆಯ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಅಂದರೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಇದರ ಜೊತೆಗೆ 2013ರಿಂದ ಕ್ಷೀರಭಾಗ್ಯದ ಹಾಲು ಬಂದಿತು. 2024ರಿಂದ ಆ ಹಾಲಿಗೆ ವಾರದಲ್ಲಿ ಕೆಲವು ದಿನ ರಾಗಿ ಮಾಲ್ಟ್ ಬೆರೆಸಿ ಕೊಡಲಾಗುತ್ತಿದೆ. ಕೊರತೆಗಳು ಎಷ್ಟೇ ಇರಲಿ, ಮಗುವಿನ ಬೆಳವಣಿಗೆಗೆ ಏನು ಬೇಕೆಂಬ ಪ್ರಶ್ನೆಯಿಂದ ಈ ವ್ಯವಸ್ಥೆ ಹೊರಟಿದೆ.

ಹಣ ಕೊಟ್ಟು ಕೊಳ್ಳುವ ಕ್ಯಾಂಟೀನು ಹೊರಡುವ ಜಾಗವೇ ಬೇರೆ. ಬಹಳಷ್ಟು ಶಾಲೆಗಳು ಕ್ಯಾಂಟೀನನ್ನು ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆದಾರನು ತಿಂಗಳ ಬಾಡಿಗೆ ಕಟ್ಟಬೇಕು, ಆಳುಗಳ ಕೂಲಿ ಕೊಡಬೇಕು, ತನ್ನ ಸಂಸಾರವನ್ನೂ ಸಾಗಿಸಬೇಕು. ಬಿಡುವಿನ ವೇಳೆ ಹದಿನೈದು ನಿಮಿಷ ಮಾತ್ರ. ಅಷ್ಟರಲ್ಲಿ ಇನ್ನೂರು ಮಕ್ಕಳಿಗೆ ಕೈಯಲ್ಲಿ ಕೊಟ್ಟು ಕಳಿಸಬಹುದಾದ, ಕೆಡದ, ಲಾಭ ಹೆಚ್ಚಿರುವ ಪದಾರ್ಥಗಳನ್ನೇ ಅವನು ಆರಿಸಿಕೊಳ್ಳುತ್ತಾನೆ. ಹೀಗೆ ಚಿಪ್ಸ್, ಕುರುಕಲು ಪೊಟ್ಟಣಗಳು, ಕ್ರೀಮ್ ಬಿಸ್ಕತ್ತು, ಪಫ್ಸ್, ಸಮೋಸ, ಬಣ್ಣದ ಪಾನೀಯಗಳು ಮುಂದಿನ ಸಾಲಿಗೆ ಬರುತ್ತವೆ. ಬಾಳೆಹಣ್ಣು ಎರಡು ದಿನಕ್ಕೆ ಕಪ್ಪಾಗುತ್ತದೆ, ಪೊಟ್ಟಣವೋ ಆರು ತಿಂಗಳು ಹಾಗೆಯೇ ಇರುತ್ತದೆ. ಈ ವ್ಯಾಪಾರಿಯಲ್ಲಿ ದುರುದ್ದೇಶವೇನೂ ಇಲ್ಲ. ನಿಯಮವೇ ಇಲ್ಲದೆ ಬಾಡಿಗೆ ಮಾತ್ರ ಇರುವಲ್ಲಿ ಯಾರು ನಡೆಸಿದರೂ ಕ್ಯಾಂಟೀನು ಇದೇ ರೂಪ ತಾಳುತ್ತದೆ.

ಒಂದು ಬಾಟಲಿಯ ಲೆಕ್ಕ

ತಂಪು ಪಾನೀಯದ ಒಂದು ಸಾಮಾನ್ಯ ಬಾಟಲಿಯನ್ನು ತೆಗೆದುಕೊಳ್ಳೋಣ. 300 ಮಿಲಿಲೀಟರಿನ ಕೋಲಾ ಬಗೆಯ ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಕರಗಿರುತ್ತದೆ. ಚಹಾ ಚಮಚದ ಅಳತೆಯಲ್ಲಿ ಇದು ಏಳಕ್ಕೂ ಹೆಚ್ಚು ಚಮಚ. ಅಷ್ಟು ಸಕ್ಕರೆಯನ್ನು ಒಂದು ಲೋಟ ಹಾಲಿಗೆ ಹಾಕಿ ಮಗುವಿಗೆ ಕೊಡಲು ಯಾವ ತಾಯಿಯೂ ಒಪ್ಪಲಾರಳು. ಬಾಟಲಿಯೊಳಗೆ ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ದಿನವೊಂದರಲ್ಲಿ ಒಟ್ಟು ಶಕ್ತಿಯ ಶೇ. 10ಕ್ಕಿಂತ ಹೆಚ್ಚು ಭಾಗ ಸೇರಿಸಿದ ಸಕ್ಕರೆಯಿಂದ ಬರಬಾರದು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ದಿನಕ್ಕೆ 1600 ಕ್ಯಾಲೊರಿ ಬೇಕಾದ ಮಗುವಿಗೆ ಶೇ. 5 ಎಂದರೆ 80 ಕ್ಯಾಲೊರಿ, ಅಂದರೆ 20 ಗ್ರಾಂ ಸಕ್ಕರೆ. ಒಂದೇ ಬಾಟಲಿ ಆ ಮಿತಿಯನ್ನು ದಾಟಿಬಿಡುತ್ತದೆ. ಬೆಳಗಿನ ಚಹಾ, ಬಿಸ್ಕತ್ತು, ಸಂಜೆಯ ಸಿಹಿತಿಂಡಿಗಳ ಲೆಕ್ಕ ಇನ್ನೂ ಬಾಕಿಯೇ ಇರುತ್ತದೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು (ಸಿಬಿಎಸ್‌ಇ) 2025ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ನಾಲ್ಕರಿಂದ ಹತ್ತು ವರ್ಷದ ಮಕ್ಕಳು ದಿನದ ಶಕ್ತಿಯ ಶೇ. 13ರಷ್ಟನ್ನೂ ಹನ್ನೊಂದರಿಂದ ಹದಿನೆಂಟು ವರ್ಷದವರು ಶೇ. 15ರಷ್ಟನ್ನೂ ಸಕ್ಕರೆಯಿಂದಲೇ ಪಡೆಯುತ್ತಿದ್ದಾರೆಂದು ಎಚ್ಚರಿಸಿದೆ. ಯಾವ ಪದಾರ್ಥದಲ್ಲಿ ಎಷ್ಟು ಸಕ್ಕರೆಯಿದೆ ಎಂಬುದನ್ನು ತೋರಿಸುವ ‘ಸಕ್ಕರೆ ಫಲಕ’ವನ್ನು ಶಾಲೆಗಳಲ್ಲಿ ಹಾಕಬೇಕೆಂದೂ ಸೂಚಿಸಿದೆ.

ಉಪ್ಪಿನ ಕತೆಯೂ ಹೀಗೆಯೇ. ವಯಸ್ಕರಿಗೇ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಇದೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ ಸಾಕು. ಕುರುಕಲು ಪೊಟ್ಟಣಗಳು ಹಾಗೂ ಎರಡು ನಿಮಿಷದಲ್ಲಿ ಬೇಯುವ ನೂಡಲ್ಸ್‌ನ ಮಸಾಲೆ ಪುಡಿ ಮಗುವಿನ ದಿನದ ಉಪ್ಪಿನ ದೊಡ್ಡ ಪಾಲನ್ನು ಒಂದೇ ಸಲಕ್ಕೆ ಕೊಟ್ಟುಬಿಡುತ್ತವೆ. ಕರಿದ ತಿಂಡಿಗಳಲ್ಲಿ ಇನ್ನೊಂದು ಅಪಾಯವಿದೆ. ಒಮ್ಮೆ ಕಾಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಸಿದಾಗ ಅದರಲ್ಲಿ ದೇಹಕ್ಕೆ ಹಾನಿಕರವಾದ ಸಂಯುಕ್ತಗಳು ಹೆಚ್ಚುತ್ತವೆ. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಏಳುತ್ತಿದ್ದರೆ ಅದನ್ನು ಬಳಸಬಾರದೆಂದು ಯಾವ ಉಪಕರಣವೂ ಇಲ್ಲದೆ ಹೇಳಬಹುದು.

ಬಡಕಲು ಮೈ, ದಪ್ಪ ಮೈ: ಎರಡರಲ್ಲೂ ಕೊರತೆ

‘ನಮ್ಮ ಮಗು ತೆಳ್ಳಗಿದೆ, ಏನಾದರೂ ತಿನ್ನಲಿ ಬಿಡಿ’ ಎಂಬ ಮಾತನ್ನು ಹಿರಿಯರು ಆಡುವುದುಂಟು. ಹೊಟ್ಟೆ ತುಂಬುವುದು ಮತ್ತು ಮೈ ಬೆಳೆಯುವುದು ಒಂದೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹದಿನೈದರಿಂದ ಹತ್ತೊಂಬತ್ತು ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಇನ್ನೊಂದು ಕಡೆ, 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯು ದೇಶದ ಹದಿಹರೆಯದವರಲ್ಲಿ ಹತ್ತಕ್ಕೆ ಒಬ್ಬರು ಮಧುಮೇಹದ ಹೊಸ್ತಿಲಲ್ಲಿದ್ದಾರೆಂದು ತೋರಿಸಿತು.

ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾದ ತೊಂದರೆಗಳಂತೆ ಕಂಡರೂ ಇವುಗಳ ಬೇರು ಒಂದೇ. ಸಕ್ಕರೆ, ಮೈದಾ, ಎಣ್ಣೆಗಳಿಂದ ಶಕ್ತಿ ದೊರೆಯುತ್ತದೆ. ಕಬ್ಬಿಣ, ಸುಣ್ಣದ ಅಂಶ, ಪ್ರೋಟೀನ್, ಜೀವಸತ್ವಗಳು ದೊರೆಯುವುದಿಲ್ಲ. ಬಡವರ ಮನೆಯ ಮಗು ಐದು ರೂಪಾಯಿಯ ಪೊಟ್ಟಣದಿಂದ ಹಸಿವನ್ನು ಅಡಗಿಸಿಕೊಂಡು, ಮನೆಯ ರೊಟ್ಟಿ-ಪಲ್ಯಕ್ಕೆ ಹಸಿವೇ ಇಲ್ಲದೆ ಕೃಶವಾಗುತ್ತದೆ. ಉಳ್ಳವರ ಮನೆಯ ಮಗು ಅದೇ ಪೊಟ್ಟಣವನ್ನು ಮನೆಯ ಊಟದ ಮೇಲೆ ತಿಂದು ಸ್ಥೂಲವಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಇಬ್ಬರಲ್ಲೂ ಕಬ್ಬಿಣದ ಕೊರತೆ ಕಾಣಬಹುದು. ರಕ್ತ ಕಡಿಮೆಯಿರುವ ಮಗು ಬೇಗ ದಣಿಯುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಅದನ್ನು ಎಷ್ಟೋ ಸಲ ಶಿಕ್ಷಕರೂ ಪಾಲಕರೂ ಸೋಮಾರಿತನವೆಂದು ಬಗೆಯುತ್ತಾರೆ.

ಕಾನೂನು ಏನು ಹೇಳುತ್ತದೆ?

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು (ಎಫ್‌ಎಸ್‌ಎಸ್‌ಎಐ) 2020ರ ಸೆಪ್ಟೆಂಬರಿನಲ್ಲಿ ಶಾಲಾ ಮಕ್ಕಳ ಸುರಕ್ಷಿತ ಆಹಾರ ಮತ್ತು ಸಮತೋಲಿತ ಆಹಾರಕ್ಕೆ ಸಂಬಂಧಿಸಿದ ನಿಯಮಗಳನ್ನು ಪ್ರಕಟಿಸಿದೆ. ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಸೇರಿಸಿದ ಸಕ್ಕರೆ ಅಥವಾ ಉಪ್ಪು ಅಧಿಕವಾಗಿರುವ ಆಹಾರವನ್ನು ಶಾಲೆಯ ಕ್ಯಾಂಟೀನಿನಲ್ಲಿ, ಮೆಸ್ಸಿನಲ್ಲಿ, ವಸತಿನಿಲಯದ ಅಡುಗೆಮನೆಯಲ್ಲಿ ಹಾಗೂ ಶಾಲೆಯ ಬಾಗಿಲಿನಿಂದ ಯಾವ ದಿಕ್ಕಿಗೇ ಆಗಲಿ 50 ಮೀಟರಿನೊಳಗೆ ಮಕ್ಕಳಿಗೆ ಮಾರುವಂತಿಲ್ಲ. ಉಚಿತವಾಗಿ ಹಂಚುವುದೂ, ಜಾಹೀರಾತು ಮಾಡುವುದೂ ನಿಷಿದ್ಧ. ಕ್ಯಾಂಟೀನು ನಡೆಸುವವರು ನೋಂದಣಿ ಅಥವಾ ಪರವಾನಗಿ ಪಡೆದಿರಲೇಬೇಕು. ತಿಂಡಿ ಕಂಪನಿಯ ಹೆಸರು ಬರೆದ ಫಲಕವನ್ನು ಉಚಿತವಾಗಿ ಸಿಕ್ಕಿತೆಂದು ಶಾಲೆಯೊಳಗೆ ತೂಗುಹಾಕುವುದು ಕೂಡ ಈ ನಿಯಮದ ಆಶಯಕ್ಕೆ ವಿರುದ್ಧವಾದುದು.

ಹೀಗಿರುವಾಗ ಪಾಲಕರು ಶಾಲೆಯ ಆಡಳಿತ ಮಂಡಳಿಯ ಮುಂದೆ ಈ ವಿಷಯವನ್ನೆತ್ತಿದರೆ ಅದು ದೂರಲ್ಲ, ಬೇಡಿಕೆಯೂ ಅಲ್ಲ. ಇರುವ ನಿಯಮವನ್ನು ನೆನಪಿಸುವುದಷ್ಟೇ. ಆದರೆ ನಿಷೇಧವೊಂದರಿಂದಲೇ ಕೆಲಸವಾಗದೆಂಬುದನ್ನೂ ಗಮನಿಸಬೇಕು. ಕ್ಯಾಂಟೀನಿನಲ್ಲಿ ಪೊಟ್ಟಣ ಸಿಗದಿದ್ದರೆ ಮಗು ಐವತ್ತೊಂದನೆಯ ಮೀಟರಿನಲ್ಲಿರುವ ಅಂಗಡಿಗೆ ಹೋಗುತ್ತದೆ. ಹಸಿದ ಮಗುವಿನಿಂದ ಒಂದನ್ನು ಕಸಿದುಕೊಂಡರೆ ಆ ಜಾಗದಲ್ಲಿ ಇನ್ನೊಂದನ್ನು, ಅಷ್ಟೇ ರುಚಿಯಾದುದನ್ನು, ಇಡಬೇಕಾಗುತ್ತದೆ.

ಒಳ್ಳೆಯದನ್ನು ಸುಲಭ ಮಾಡುವ ಬಗೆ

ಮಕ್ಕಳು ಉಪದೇಶ ಕೇಳಿ ಆಹಾರ ಆರಿಸುವುದಿಲ್ಲ. ಕಣ್ಣಿಗೆ ಮೊದಲು ಬಿದ್ದದ್ದನ್ನು, ಕೈಗೆ ಬೇಗ ಸಿಕ್ಕಿದ್ದನ್ನು, ಜೇಬಿನಲ್ಲಿರುವ ಕಾಸಿಗೆ ಬರುವುದನ್ನು, ಗೆಳೆಯರು ತಿನ್ನುತ್ತಿರುವುದನ್ನು ಆರಿಸುತ್ತಾರೆ. ಆದ್ದರಿಂದ ಮಗುವಿನ ಆಯ್ಕೆಯನ್ನು ತಿದ್ದುವುದಕ್ಕಿಂತ ಮೊದಲು ಅದರ ಕೈಗೆಟುಕುವ ಜಾಗವನ್ನು ತಿದ್ದಬೇಕು. ಇದು ದೊಡ್ಡವರ ಕೆಲಸ. ಇದಕ್ಕೆ ಹೆಚ್ಚು ಹಣವೂ ಬೇಕಿಲ್ಲ.

ಮೊದಲನೆಯದು, ಇಡುವ ಜಾಗ. ಕ್ಯಾಂಟೀನಿನ ಮುಂದಿನ ಸಾಲಿನಲ್ಲಿ, ಮಗುವಿನ ಕಣ್ಣಿನ ಎತ್ತರಕ್ಕೆ, ಹಣ್ಣು, ಮಜ್ಜಿಗೆ, ಬೇಯಿಸಿದ ಕಾಳುಗಳಿರಲಿ. ಇಡೀ ಪೇರಲ ಹಣ್ಣನ್ನು ಕೊಳ್ಳದ ಮಗುವೂ ಹೋಳು ಮಾಡಿ ಚಿಟಿಕೆ ಉಪ್ಪು-ಖಾರ ಸವರಿಟ್ಟರೆ ಕೊಳ್ಳುತ್ತದೆ. ಪಪ್ಪಾಯಿ, ಕಲ್ಲಂಗಡಿ, ಸೌತೆಕಾಯಿಗಳಿಗೂ ಇದೇ ಮಾತು.

ಎರಡನೆಯದು, ಬೆಲೆ. ಹತ್ತು ರೂಪಾಯಿ ಹಿಡಿದು ಬಂದ ಮಗುವಿಗೆ ಚಿಪ್ಸ್ ಹತ್ತು ರೂಪಾಯಿಗೂ ಉಸಲಿ ಇಪ್ಪತ್ತು ರೂಪಾಯಿಗೂ ಸಿಕ್ಕರೆ ಅದು ಏನನ್ನು ಕೊಳ್ಳುತ್ತದೆಂದು ಹೇಳಬೇಕಾಗಿಲ್ಲ. ಶಾಲೆಯು ಕ್ಯಾಂಟೀನಿನ ಬಾಡಿಗೆಯನ್ನು ಇಳಿಸಿ, ಅದಕ್ಕೆ ಪ್ರತಿಯಾಗಿ ಕಾಳು, ಹಣ್ಣು, ಮಜ್ಜಿಗೆಗಳ ಬೆಲೆಯನ್ನು ಕಡಿಮೆಯಿಡುವಂತೆ ಗುತ್ತಿಗೆ ಪತ್ರದಲ್ಲಿಯೇ ಬರೆಸಿಕೊಳ್ಳಬಹುದು. ಬದಲಾವಣೆಯ ಕೀಲಿ ಇರುವುದು ಹೆಚ್ಚಾಗಿ ಈ ಗುತ್ತಿಗೆ ಪತ್ರದಲ್ಲಿಯೇ. ಕ್ಯಾಂಟೀನಿನಿಂದ ಶಾಲೆಗೆ ಎಷ್ಟು ವರಮಾನ ಬರಬೇಕೆಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಆರೋಗ್ಯದ ಮಾತನಾಡಿದರೆ ಆ ಮಾತು ನಿಲ್ಲುವುದಿಲ್ಲ.

ಮೂರನೆಯದು, ಸಮಯ. ಹದಿನೈದು ನಿಮಿಷದ ಬಿಡುವಿನಲ್ಲಿ ಸಾಲಿನಲ್ಲಿ ನಿಲ್ಲುವುದಕ್ಕೇ ಹತ್ತು ನಿಮಿಷ ಹೋದರೆ ಮಗು ನಡೆಯುತ್ತಲೇ ಬಾಯಿಗೆ ಹಾಕಿಕೊಳ್ಳುವಂಥದ್ದನ್ನೇ ಕೊಳ್ಳುತ್ತದೆ. ಕುಳಿತು, ಕೈತೊಳೆದು, ಅಗಿದು ತಿನ್ನುವಷ್ಟು ಬಿಡುವನ್ನು ವೇಳಾಪಟ್ಟಿಯಲ್ಲಿ ಕೊಡುವುದೂ ಆರೋಗ್ಯ ಕಾರ್ಯಕ್ರಮವೇ.

ನಾಲ್ಕನೆಯದು, ನೀರು. ಕುಡಿಯಲು ಶುದ್ಧವಾದ, ಬೇಸಿಗೆಯಲ್ಲಿ ತಣ್ಣನೆಯ ನೀರು ಕೈಗೆಟುಕುವಲ್ಲಿದ್ದರೆ ಬಣ್ಣದ ಪಾನೀಯದ ಅರ್ಧ ವ್ಯಾಪಾರ ತಾನಾಗಿ ಇಳಿಯುತ್ತದೆ. ಬಾಯಾರಿಕೆಯೇ ಎಷ್ಟೋ ಸಲ ಮಗುವನ್ನು ಆ ಬಾಟಲಿಯ ಬಳಿಗೆ ಒಯ್ಯುತ್ತದೆ.

ಐದನೆಯದು, ಮಕ್ಕಳ ಪಾಲುಗಾರಿಕೆ. ತಿಂಗಳಿಗೊಮ್ಮೆ ಕ್ಯಾಂಟೀನಿನ ತಿಂಡಿಪಟ್ಟಿಯನ್ನು ಮಕ್ಕಳ ಸಮಿತಿಯೇ ಚರ್ಚಿಸಲಿ. ಪೊಟ್ಟಣದ ಹಿಂದೆ ಮುದ್ರಿಸಿದ ಸಕ್ಕರೆ, ಉಪ್ಪು, ಕೊಬ್ಬಿನ ಲೆಕ್ಕವನ್ನು ಓದುವುದನ್ನು ಗಣಿತದ ತರಗತಿಯಲ್ಲಿ ಕಲಿಸಲಿ. ಶಾಲೆಯ ಅಂಗಳದಲ್ಲಿ ನಾಲ್ಕು ಮಡಿ ಮೆಂತ್ಯ, ರಾಜಗಿರಿ, ಪಾಲಕ್ ಬೆಳೆಸಿದರೆ, ತಾವೇ ನೀರೆರೆದ ಸೊಪ್ಪನ್ನು ಮಕ್ಕಳು ತಟ್ಟೆಯ ಅಂಚಿಗೆ ತಳ್ಳುವುದು ಕಡಿಮೆಯಾಗುತ್ತದೆ. ಕೇಂದ್ರದ ಪಿ.ಎಂ. ಪೋಷಣ್ ಯೋಜನೆಯೂ ಇಂತಹ ಶಾಲಾ ಕೈತೋಟಗಳನ್ನು ಪ್ರೋತ್ಸಾಹಿಸುತ್ತದೆ.

ನಮ್ಮ ನೆಲದ ತಿಂಡಿಗಳು

ಆರೋಗ್ಯಕರ ಆಹಾರವೆಂದರೆ ದುಬಾರಿಯಾದ, ಪರದೇಶದ ಪದಾರ್ಥವೆಂಬ ತಪ್ಪು ಕಲ್ಪನೆ ಹರಡಿದೆ. ನಮ್ಮ ಅಡುಗೆಮನೆಯಲ್ಲಿಯೇ ಕ್ಯಾಂಟೀನಿಗೆ ಒಪ್ಪುವ ತಿಂಡಿಗಳು ಬೇಕಾದಷ್ಟಿವೆ.

ಶೇಂಗಾದ ತೂಕದಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಪ್ರೋಟೀನೇ ಇದೆ. ಒಂದು ಹಿಡಿ ಹುರಿದ ಶೇಂಗಾ, ಜೊತೆಗೆ ಸಣ್ಣ ಚೂರು ಬೆಲ್ಲ ಮಗುವಿಗೆ ಉತ್ತಮ ಸಂಜೆಯ ತಿಂಡಿ. ರಾಗಿಯಲ್ಲಿ ಪ್ರತಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿರುವುದು ಸುಮಾರು 120 ಮಿಲಿಗ್ರಾಂ. ರಾಗಿಯಲ್ಲಿರುವುದನ್ನೆಲ್ಲ ದೇಹ ಹೀರಿಕೊಳ್ಳಲಾರದಾದರೂ, ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದಾಗ ಹೀರಿಕೆ ಹೆಚ್ಚುತ್ತದೆ. ಸಜ್ಜೆಯಲ್ಲಿ ಕಬ್ಬಿಣದ ಅಂಶ ಅಕ್ಕಿಗಿಂತ ಎಷ್ಟೋ ಹೆಚ್ಚು. ಹೆಸರು, ಮಡಕೆ, ಕಡಲೆಗಳ ಮೊಳಕೆ ಕಾಳಿಗೆ ನಿಂಬೆರಸ ಹಿಂಡಿದರೆ ರುಚಿಯೂ ಬರುತ್ತದೆ, ಕಾಳಿನಲ್ಲಿರುವ ಕಬ್ಬಿಣವೂ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಇದಕ್ಕೆ ವಿರುದ್ಧವಾಗಿ ಕಬ್ಬಿಣದ ಹೀರಿಕೆ ಕುಗ್ಗುತ್ತದೆ. ಮಕ್ಕಳಿಗೆ ಚಹಾ ಬೇಡ; ಅಭ್ಯಾಸವಾಗಿಯೇ ಹೋಗಿದ್ದರೆ ಊಟಕ್ಕೂ ಅದಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ.

ವಾರದ ಒಂದು ಪಟ್ಟಿಯನ್ನು ಹೀಗೆ ಯೋಚಿಸಬಹುದು. ಸೋಮವಾರ ಹೆಸರುಕಾಳಿನ ಉಸಲಿ ಮತ್ತು ಬಾಳೆಹಣ್ಣು. ಮಂಗಳವಾರ ತರಕಾರಿ ಹಾಕಿದ ಅವಲಕ್ಕಿ, ಮೇಲೆ ಹುರಿದ ಶೇಂಗಾ. ಬುಧವಾರ ಇಡ್ಲಿ, ಬೇಳೆ ಹೆಚ್ಚಿರುವ ಸಾಂಬಾರು. ಗುರುವಾರ ಜೋಳದ ರೊಟ್ಟಿಯ ಸುರುಳಿ, ಒಳಗೆ ಝುಣಕ ಮತ್ತು ಸೌತೆಕಾಯಿ. ಶುಕ್ರವಾರ ಚುರುಮುರಿಗೆ ಮೊಳಕೆ ಕಾಳು, ಗಜ್ಜರಿ, ಟೊಮ್ಯಾಟೊ ಬೆರೆಸಿದ ಗಿರ್ಮಿಟ್. ಶನಿವಾರ ಥಾಲಿಪಟ್ಟು ಮತ್ತು ಮೊಸರು. ದಿನವೂ ಮಜ್ಜಿಗೆ, ಆಯಾ ಋತುವಿನ ಹಣ್ಣು. ಇವುಗಳಲ್ಲಿ ಒಂದನ್ನೂ ಮಕ್ಕಳು ‘ಔಷಧ’ವೆಂದು ದೂರ ತಳ್ಳಲಾರರು. ಸಮೋಸವನ್ನು ಪೂರ್ತಿ ಇಲ್ಲವಾಗಿಸಬೇಕೆಂದೇನೂ ಇಲ್ಲ. ಹೊಸ ಎಣ್ಣೆಯಲ್ಲಿ ಕರಿದು ತಿಂಗಳಿಗೊಮ್ಮೆ ಹಬ್ಬದಂತೆ ಬಂದರೆ ಅದರಿಂದ ಮಗು ಕೆಡುವುದಿಲ್ಲ.

ನಮ್ಮ ಪ್ರಸಾದ ನಿಲಯಗಳನ್ನೂ ನೋಡಿಕೊಳ್ಳೋಣ

ಇತರರ ಕ್ಯಾಂಟೀನುಗಳ ಬಗ್ಗೆ ಮಾತನಾಡುವಾಗ ನಮ್ಮ ಮಠಮಾನ್ಯಗಳ ಶಾಲೆಗಳನ್ನೂ ಪ್ರಸಾದ ನಿಲಯಗಳನ್ನೂ ಬಿಟ್ಟುಬಿಡುವುದು ನ್ಯಾಯವಲ್ಲ. ಅಲ್ಲಿ ಲಾಭದ ಮಾತಿಲ್ಲ, ಪ್ರೀತಿ ಧಾರಾಳವಾಗಿದೆ. ಆದರೂ ತಟ್ಟೆಯಲ್ಲಿ ಅನ್ನದ ರಾಶಿ ದೊಡ್ಡದಾಗಿ, ಸಾರು ತಿಳಿಯಾಗಿ, ಪಲ್ಯ ಅಂಚಿನಲ್ಲಿ ಒಂದು ಚಮಚವಾಗಿ ಇರುವುದುಂಟು. ದಾನಿಗಳು ಅಕ್ಕಿಯ ಮೂಟೆಗಳನ್ನು ತಂದುಕೊಡುತ್ತಾರೆ, ಬೇಳೆಯ ಮೂಟೆ ತರುವವರು ಕಡಿಮೆ. ಮದುವೆ, ಹುಟ್ಟುಹಬ್ಬ, ಪುಣ್ಯಸ್ಮರಣೆಗಳ ದಿನ ಬೂಂದಿ, ಜಿಲೇಬಿಗಳ ಸೇವೆ ಮಾಡಿಸುವವರು ಅನೇಕರು. ದೊಡ್ಡ ನಿಲಯಗಳಲ್ಲಿ ಇಂತಹ ದಿನಗಳು ವಾರಕ್ಕೆ ಎರಡು ಮೂರು ಬಂದರೆ, ಪ್ರತಿಯೊಬ್ಬ ದಾನಿಗೂ ಅದು ವರ್ಷಕ್ಕೊಮ್ಮೆಯ ಸಿಹಿ. ಮಗುವಿಗೆ ಮಾತ್ರ ಅದು ವಾರದ ಅಭ್ಯಾಸ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, 2000 ಕ್ಯಾಲೊರಿಯ ಒಂದು ದಿನದ ಆಹಾರಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು ಸುಮಾರು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್ ಎಂದು ಸೂಚಿಸಲಾಗಿದೆ. ಶಾಕಾಹಾರವನ್ನೇ ನಿಷ್ಠೆಯಿಂದ ಪಾಲಿಸುವ ನಮಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಶಾಕಾಹಾರದಲ್ಲಿ ಪ್ರೋಟೀನಿನ ಭಾರವನ್ನೆಲ್ಲ ಹೊರಬೇಕಾದದ್ದು ಬೇಳೆ, ಕಾಳು, ಶೇಂಗಾ, ಹಾಲು, ಮೊಸರುಗಳೇ. ಅವುಗಳಲ್ಲಿ ಕೈಬಿಗಿ ಹಿಡಿದರೆ, ಎಷ್ಟು ಅನ್ನ ಬಡಿಸಿದರೂ ಮಗುವಿನ ಸ್ನಾಯು, ಎಲುಬು ಬೆಳೆಯುವುದಿಲ್ಲ. ಅನ್ನಕ್ಕೆ ಬೇಳೆ ಕೂಡಿದಾಗಲೇ ಒಂದರ ಪ್ರೋಟೀನಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಿರಿಯರು ಬೇಳೆ-ಅನ್ನ, ರೊಟ್ಟಿ-ಕಾಳುಪಲ್ಯಗಳನ್ನು ಜೋಡಿ ಮಾಡಿದ್ದರಲ್ಲಿ ಈ ಪ್ರಯೋಜನವಿದೆ.

ಆದ್ದರಿಂದ ದಾಸೋಹ ಸೇವೆಗೆ ಬರುವ ಸದ್ಭಕ್ತರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಮಂಗಲ ಕಾರ್ಯದ ನೆನಪಿಗೆ ಸಿಹಿಯ ಬದಲು ಒಂದು ದಿನದ ಹಣ್ಣಿನ ಸೇವೆ ಮಾಡಿಸಿ. ಒಂದು ಕ್ವಿಂಟಲ್ ಅಕ್ಕಿ ಕೊಡುವಲ್ಲಿ ಅಷ್ಟೇ ಬೆಲೆಯ ತೊಗರಿಬೇಳೆ, ಹೆಸರುಕಾಳು, ಶೇಂಗಾ ಕೊಡಿ. ಹೊಲವಿರುವವರು ನುಗ್ಗೆಸೊಪ್ಪು, ಮೆಂತ್ಯ, ಗಜ್ಜರಿ, ಪೇರಲ, ನಿಂಬೆಗಳನ್ನು ವಾರಕ್ಕೊಮ್ಮೆ ಕಳುಹಿಸಿ. ಸರ್ಕಾರಿ ಶಾಲೆಯ ಬಿಸಿಯೂಟಕ್ಕೂ ‘ತಿಥಿ ಭೋಜನ’ದ ಹೆಸರಿನಲ್ಲಿ ಸಮುದಾಯದವರು ಹೀಗೆ ಪೌಷ್ಟಿಕ ಪದಾರ್ಥಗಳನ್ನು ಸೇರಿಸಲು ಅವಕಾಶವಿದೆ. ದಾಸೋಹವೆಂದರೆ ಕೊಡುವವನ ಹಿಗ್ಗಿಗಿಂತ ಉಣ್ಣುವವನ ಹಿತವನ್ನು ಮುಂದಿಡುವುದು ಎಂಬುದನ್ನು ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ

ಶಾಲೆಯ ಕ್ಯಾಂಟೀನು ಸುಧಾರಿಸಿದರೂ ಮನೆಯ ಡಬ್ಬಿಯಲ್ಲಿ ದಿನವೂ ಬ್ರೆಡ್ಡು-ಜಾಮು, ನೂಡಲ್ಸ್ ಇದ್ದರೆ ಪ್ರಯೋಜನವಿಲ್ಲ. ಬೆಳಗಿನ ಉಪಾಹಾರವಿಲ್ಲದೆ ಶಾಲೆಗೆ ಹೋದ ಮಗು ಹನ್ನೊಂದು ಗಂಟೆಯ ಬಿಡುವಿನಲ್ಲಿ ಏನು ಸಿಕ್ಕರೂ ತಿನ್ನುತ್ತದೆ. ಆದ್ದರಿಂದ ಬೆಳಗಿನ ತುತ್ತು ತಪ್ಪದಿರಲಿ. ಮಗುವಿನ ಕೈಯಲ್ಲಿ ದಿನದ ಖರ್ಚಿಗೆ ಕಾಸು ಕೊಡುವ ಬದಲು, ವಾರಕ್ಕೊಮ್ಮೆ ಕ್ಯಾಂಟೀನಿನಲ್ಲಿ ಏನು ಕೊಳ್ಳಬೇಕೆಂದು ಮಗುವಿನೊಡನೆ ಕುಳಿತು ಮಾತನಾಡಿ ಕೊಡುವುದು ಒಳಿತು. ಪಾಠ ಚೆನ್ನಾಗಿ ಓದಿದ್ದಕ್ಕೆ ಚಾಕಲೇಟು, ತಪ್ಪು ಮಾಡಿದ್ದಕ್ಕೆ ಊಟವಿಲ್ಲ ಎಂಬ ಪದ್ಧತಿಯನ್ನು ಬಿಡಬೇಕು. ಹಾಗೆ ಮಾಡಿದರೆ ಸಿಹಿ ಬಹುಮಾನವೂ ಊಟ ಶಿಕ್ಷೆಯೂ ಆಗಿ ಮಗುವಿನ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ದಪ್ಪಗಿರುವ ಮಗುವನ್ನು ನಾಲ್ವರೆದುರು ಹಾಸ್ಯ ಮಾಡುವುದು, ತೆಳ್ಳಗಿರುವ ಮಗುವಿಗೆ ಅಡ್ಡಹೆಸರಿಡುವುದು ಸಲ್ಲದು. ಅವಮಾನಗೊಂಡ ಮಗು ಮರೆಯಲ್ಲಿ ತಿನ್ನುತ್ತದೆ, ಇಲ್ಲವೇ ಊಟವನ್ನೇ ಬಿಡುತ್ತದೆ. ಮಗುವಿನ ತೂಕ, ಎತ್ತರಗಳ ಬಗ್ಗೆ ಕಳವಳವಿದ್ದರೆ, ಅಥವಾ ಮಗು ಬೇಗ ದಣಿಯುವುದು, ಕಣ್ಣು-ಉಗುರು ಬಿಳಿಚಿಕೊಳ್ಳುವುದು, ಮಣ್ಣು-ಬಳಪ ತಿನ್ನುವುದು ಕಂಡರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಶಾಲೆಗಳಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆಗಳನ್ನು ತಪ್ಪಿಸದೆ ಕೊಡಿಸಬೇಕು. ಈಗಾಗಲೇ ಮಧುಮೇಹ, ಮೂತ್ರಪಿಂಡದ ತೊಂದರೆ, ಶೇಂಗಾ ಅಥವಾ ಹಾಲು ಒಗ್ಗದಿರುವಿಕೆ ಇರುವ ಮಕ್ಕಳಿಗೆ ಆಹಾರ ಬದಲಾಯಿಸುವ ಮುನ್ನ ವೈದ್ಯರನ್ನು ಕೇಳಿಕೊಳ್ಳಬೇಕು.

ಮುಂದಿನ ಪಾಲಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಶಾಲೆಯ ಕ್ಯಾಂಟೀನಿಗೆ ಆಹಾರ ಸುರಕ್ಷತಾ ಪರವಾನಗಿ ಇದೆಯೇ? ಮುಂದಿನ ಸಾಲಿನಲ್ಲಿ ಇಟ್ಟಿರುವುದು ಏನು? ಕರಿಯುವ ಎಣ್ಣೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತಾರೆ? ಕುಡಿಯುವ ನೀರು ಎಲ್ಲಿದೆ, ಎಲ್ಲ ಮಕ್ಕಳಿಗೂ ಎಟುಕುತ್ತದೆಯೇ? ಹತ್ತು ರೂಪಾಯಿಗೆ ಸಿಗುವ ಒಳ್ಳೆಯ ತಿಂಡಿ ಯಾವುದು? ಗುತ್ತಿಗೆ ಪತ್ರದಲ್ಲಿ ಮಕ್ಕಳ ಆರೋಗ್ಯದ ಷರತ್ತು ಏನಾದರೂ ಇದೆಯೇ?

ಬಿಸಿಯೂಟದ ಶಾಲೆಯಾದರೆ ಲೆಕ್ಕ ಇನ್ನೂ ಸರಳ. ಒಂದರಿಂದ ಐದನೆಯ ತರಗತಿಯ ನೂರು ಮಕ್ಕಳಿಗೆ ದಿನಕ್ಕೆ 2 ಕಿಲೋ ಬೇಳೆ, 5 ಕಿಲೋ ತರಕಾರಿ ಬೇಯಬೇಕು. ಆರರಿಂದ ಎಂಟನೆಯ ತರಗತಿಯಾದರೆ 3 ಕಿಲೋ ಬೇಳೆ, ಏಳೂವರೆ ಕಿಲೋ ತರಕಾರಿ. ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಅಡುಗೆಯ ತಾಯಂದಿರೊಡನೆ ಗೌರವದಿಂದ ಮಾತನಾಡಿ, ಸಾಮಗ್ರಿ ಸಾಲುತ್ತಿದೆಯೇ ಎಂದು ವಿಚಾರಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ಕೊರತೆಯಿದ್ದರೆ ಅದನ್ನು ತುಂಬುವ ಶಕ್ತಿ ಊರಿನಲ್ಲಿಯೇ ಇರುತ್ತದೆ.

ಹೊಸ ಶೈಕ್ಷಣಿಕ ವರ್ಷದಲ್ಲಿ ಒಂದೊಂದು ಊರಿನಿಂದ ಇಬ್ಬರು ಮೂವರು ಪಾಲಕರು ಈ ಪ್ರಶ್ನೆಗಳನ್ನು ಕೇಳಿದರೂ ಸಾಕು, ಉತ್ತರ ಕೊಡುವುದಕ್ಕಾಗಿಯಾದರೂ ಶಾಲೆಯವರು ತಮ್ಮ ಕ್ಯಾಂಟೀನಿನ ಕಡೆಗೆ ಒಮ್ಮೆ ನೋಡುತ್ತಾರೆ.